ಉಪ್ಪು ಕಾಣದ ಬೇರು

"ಎರಡು ಲ್ಯಾಬು, ಎರಡು ಯಂತ್ರ. ಅಂಕಿ ಸ್ವಲ್ಪ ಆಚೀಚೆ ಆಗೇ ಆಗುತ್ತೆ, ಸಾರ್ಜೆಂಟ್ ಸೋನ್ಯಾ."

ಎಲ್ಫ್ರೀಡಾ ನ್ಯೂಫೆಲ್ಡ್ ಈ ಮಾತು ಹೇಳಿದಾಗ ನಾನಿನ್ನೂ ಹಾಳೆಯನ್ನು ಮೇಜಿನ ಮೇಲೆ ಇಟ್ಟಿರಲಿಲ್ಲ. ಮಡಚಿ ಕೈಯಲ್ಲೇ ಹಿಡಿದಿದ್ದೆ. ಅದರಲ್ಲಿ ಏನಿದೆ ಎಂದು ನೋಡುವ ಮೊದಲೇ ಆಕೆ ಸಮಜಾಯಿಷಿ ಕೊಡಲು ಶುರುಮಾಡಿದ್ದಳು. ಇಷ್ಟು ವರ್ಷ ಪೊಲೀಸ್ ಕೆಲಸ ಮಾಡಿದವಳ ಕಣ್ಣಿಗೆ ಇಂಥದ್ದು ಬೀಳದೆ ಇರುವುದಿಲ್ಲ. ಅವತ್ತು ಮಾತ್ರ ಬೀಳಬಾರದಿತ್ತು ಎಂದು ನನಗೆ ಮನಸಾರೆ ಅನ್ನಿಸಿತು.

ಯಾಕೆಂದರೆ ಮೂರು ದಿನದ ಹಿಂದೆ ಇದೇ ಕೋಣೆಯಲ್ಲಿ ಇದೇ ಹೆಂಗಸು ಕೊಟ್ಟ ವರದಿ ಹಿಡಿದು ನಾನು ಕುಣಿಯುವುದೊಂದು ಬಾಕಿ ಇತ್ತು. ಇದೇ ಲ್ಯಾಬಿನ ಸಹಾಯಕ ರೆಮಿ ಲಫಾಂಡ್ ಕೊಲೆಗಾರನಲ್ಲ ಎಂದು ಆ ವರದಿ ಹೇಳಿತ್ತು.

ಸಸ್ಕಟೂನಿನ ಈ ಬೇಳೆಕಾಳು ಸಂಶೋಧನಾ ಸಂಸ್ಥೆಯ ಮುಖ್ಯಸ್ಥ ಗಾರ್ಥ್ ಪೆಂಡ್ರಿ, ದ್ರವ ನೈಟ್ರೋಜನ್ ತುಂಬಿಸಿಕೊಳ್ಳುವ ಪುಟ್ಟ ಕೋಣೆಯಲ್ಲಿ ಉಸಿರುಕಟ್ಟಿ ಸತ್ತು ಎರಡು ವಾರವಾಗಿತ್ತು. ಯಾರೋ ನೈಟ್ರೋಜನ್ ಕೊಳವೆ ತೆರೆದುಬಿಟ್ಟು, ಹೊರಗಿನಿಂದ ಬಾಗಿಲಿಗೆ ಸಿಲಿಂಡರ್ ಗಾಡಿಯನ್ನು ಅಡ್ಡ ನಿಲ್ಲಿಸಿದ್ದರು. ಕೋಣೆಯ ಅಲಾರಂನ ಪ್ಲಗ್ಗೂ ಕಿತ್ತಿತ್ತು. ಹೊತ್ತು ಮಧ್ಯಾಹ್ನ ಮೂರರ ಆಸುಪಾಸು. ಹಿಂದಿನ ದಿನ ಪೆಂಡ್ರಿಯ ಮೇಲೆ ಎಲ್ಲರೆದುರು ಕೂಗಾಡಿದ್ದವನು ರೆಮಿ. ಕೊಳವೆಯ ತಿರುಗಣೆಯ ಮೇಲೆ ಅವನದೇ ಬೆರಳಚ್ಚು. ದಿನಾ ಅದೇ ಕೊಳವೆಯಿಂದ ತುಂಬಿಸಿಕೊಳ್ಳುವವನ ಬೆರಳಚ್ಚು ಮತ್ತೆಲ್ಲಿರುತ್ತದೆ ಎಂದು ನಾನೊಬ್ಬಳೇ ಕೇಳಿದೆ. ಆದರೂ ಅವನನ್ನು ಒಳಗೆ ಹಾಕಿದೆವು.

ರೆಮಿ ಮೊದಲಿನಿಂದಲೂ ಹೇಳುತ್ತಿದ್ದುದು ಒಂದೇ ಮಾತು. ಆ ಹೊತ್ತಿನಲ್ಲಿ ಅವನು ಊರಾಚೆಯ ಹಸಿರುಮನೆಯಲ್ಲಿ ಮಸೂರದ ಬೇರು ಕೀಳುತ್ತಿದ್ದ, ಒಬ್ಬನೇ. ನೋಡಿದವರಿಲ್ಲ.

ನೋಡಿದವರಿಲ್ಲದಿದ್ದರೂ ಬೇರುಗಳಿದ್ದವು. ಅವತ್ತಿನ ಪ್ರಯೋಗ ಹೀಗಿತ್ತು: ಒಂದು ಗಂಟೆಗೆ ಎಲ್ಫ್ರೀಡಾ ಕುಂಡಗಳಿಗೆ ಉಪ್ಪುನೀರು ಹಾಕಬೇಕು. ಎರಡಕ್ಕೆ, ಮೂರಕ್ಕೆ, ನಾಲ್ಕಕ್ಕೆ ರೆಮಿ ಒಂದೊಂದು ಸಾಲು ಗಿಡ ಕಿತ್ತು, ಬೇರು ತೊಳೆದು, ತಡಮಾಡದೆ ಫ್ಲಾಸ್ಕಿನಲ್ಲಿ ತಂದ ನೈಟ್ರೋಜನ್‌ಗೆ ಅದ್ದಬೇಕು. ಒಂದು ಸಾಲು ಮುಗಿಯುವಷ್ಟರಲ್ಲಿ ಇನ್ನೊಂದರ ಹೊತ್ತಾಗಿರುತ್ತದೆ. ಉಪ್ಪು ತಾಗಿದ ಬೇರು 'ಇನ್ನು ಬೆಳೆಯಬೇಡ' ಎಂದು ತನಗೆ ತಾನೇ ಹೇಳಿಕೊಳ್ಳುವ ಹಾರ್ಮೋನೊಂದನ್ನು ತಯಾರಿಸಿಕೊಳ್ಳುತ್ತದೆ. ಲ್ಯಾಬಿನವರ ಬಾಯಲ್ಲಿ ಅದು ಎಬಿಎ. ಅದು ಗಂಟೆಯಿಂದ ಗಂಟೆಗೆ ಏರುತ್ತಾ ಹೋಗುತ್ತದೆ, ಬೇರು ಹೆಪ್ಪುಗಟ್ಟಿದ ಕೂಡಲೇ ಏರುವುದು ನಿಲ್ಲುತ್ತದೆ.

ಮೂರು ಹೊತ್ತಿನ ಬೇರಿನಲ್ಲಿ ಎಬಿಎ ಮೆಟ್ಟಿಲು ಮೆಟ್ಟಿಲಾಗಿ ಏರಿದ್ದರೆ ರೆಮಿ ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲೇ ಇದ್ದ. ಎಲ್ಲ ಒಂದೇ ಸಮ ಇದ್ದರೆ, ಎಲ್ಲವನ್ನೂ ಒಂದೇ ಸಲಕ್ಕೆ ಕಿತ್ತು, ಬೇರೆ ಬೇರೆ ಹೊತ್ತಿನ ಚೀಟಿ ಅಂಟಿಸಿ, ಬೇರೆಲ್ಲಿಗೋ ಹೋಗಿದ್ದ.

ಎಲ್ಫ್ರೀಡಾ ಅಳೆದು ಕೊಟ್ಟ ವರದಿಯಲ್ಲಿ ಚೆಂದದ ಮೂರು ಮೆಟ್ಟಿಲು.

ಅದನ್ನು ನಂಬಿ ನಾನು ರೆಮಿಯ ಹೆಂಡತಿ ಜೋಸಿಗೆ ಫೋನ್ ಮಾಡಿ, ಇನ್ನೇನು ಮನೆಗೆ ಬರುತ್ತಾನೆ ಎಂದುಬಿಟ್ಟಿದ್ದೆ. ಆ ಹುಡುಗಿ ಎಳೆ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬಂದು, ಒಂದು ಡಬ್ಬಿ ತುಂಬ ಬ್ಯಾನಕ್ ರೊಟ್ಟಿ ನನ್ನ ಮೇಜಿನ ಮೇಲಿಟ್ಟು ಹೋಗಿದ್ದಳು. ನಾವು ಅವಳ ಗಂಡನನ್ನು ಹಿಡಿದು ಹಾಕಿದವರು. ನಮಗೇ ರೊಟ್ಟಿ.

ಇನ್ನು ಅದನ್ನು ನೆನೆಸಿಕೊಂಡು ಫಲವಿಲ್ಲ. ಬೇರನ್ನು ಪುಡಿ ಮಾಡಿದ ಮೇಲೆ ಎರಡು ಪಾಲು ಮಾಡಿ, ಒಂದನ್ನು ಪಕ್ಕಕ್ಕಿಡುವುದು ಇವರ ಪದ್ಧತಿ. ಸರ್ಕಾರಿ ವಕೀಲರು ನಾಳೆ ಕೊಂಕು ತೆಗೆಯದಿರಲಿ ಎಂದು ಆ ಎರಡನೆಯ ಪಾಲನ್ನು ನಾನೇ ಪೂರ್ವದ ಕಡೆಯ ಇನ್ನೊಂದು ಲ್ಯಾಬಿಗೆ ಕಳಿಸಿದ್ದೆ. ಯಾರೂ ಹೇಳಿರಲಿಲ್ಲ, ನನ್ನದೇ ಅತಿಬುದ್ಧಿ. ಅವರ ಉತ್ತರ ಅವತ್ತು ಬೆಳಿಗ್ಗೆ ಬಂದಿತ್ತು.

ಹಾಳೆಯನ್ನು ಬಿಡಿಸಿ ಎಲ್ಫ್ರೀಡಾಳ ಮುಂದಿಟ್ಟೆ.

"ಸ್ವಲ್ಪ ಆಚೀಚೆ ಅಲ್ಲ, ಡಾಕ್ಟರ್. ಮೂರೂ ಸಪಾಟಾಗಿವೆ. ಎಬಿಎ ಇದ್ದೂ ಇಲ್ಲದ ಹಾಗಿದೆ. ಉಪ್ಪು ಕಂಡೇ ಇಲ್ಲದ ಬೇರು ಅಂತಾರೆ ಅವರು."

ಅವಳ ಹಿಂದೆ ಯಂತ್ರ ಗುಂಯ್ ಎನ್ನುತ್ತಿತ್ತು. ಫ್ರಿಜ್ಜಿನಷ್ಟು ದೊಡ್ಡದು, ಲ್ಯಾಬಿನ ಹುಡುಗರು ಅದನ್ನು 'ಮುದುಕಿ' ಎಂದು ಕರೆಯುತ್ತಾರೆ. ಬೇರಿನ ಒಂದು ಚಿಟಿಕೆ ಪುಡಿಯಲ್ಲಿ ಯಾವ ಹಾರ್ಮೋನು ಎಷ್ಟಿದೆ ಎಂದು ಹೇಳುವ ಆ ಮುದುಕಿಯ ಜೊತೆ ಮಾತಾಡಬಲ್ಲವಳು ಇಡೀ ಸಂಸ್ಥೆಯಲ್ಲಿ ಎಲ್ಫ್ರೀಡಾ ಒಬ್ಬಳೇ. ಅರವತ್ತು ದಾಟಿದವಳು. ಭಾನುವಾರ ಮೆನೊನೈಟ್ ಚರ್ಚಿನಲ್ಲಿ ಮೊದಲ ಸಾಲಿನಲ್ಲಿ ಕೂತು ಹಾಡುವವಳು. ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಸುಳ್ಳು ಹೇಳುವಾಗ ಕುತ್ತಿಗೆ ಕೆಂಪಾಗುತ್ತದೆ. ಅವಳದು ಆಗಿತ್ತು.

ದಾರಿಯಲ್ಲಿ ಪುಡಿ ಕರಗಿ ಕೆಟ್ಟಿರಬಹುದು ಎಂದಳು. ಪೆಟ್ಟಿಗೆಗೆ ತುಂಬಿದ್ದ ಡ್ರೈ ಐಸ್ ಕರಗಿರಲಿಲ್ಲ ಎಂದು ಅವರು ಬರೆದುಕೊಟ್ಟಿದ್ದರು, ತೋರಿಸಿದೆ. ಅವರ ಯಂತ್ರ ಹಳೆಯದು ಎಂದಳು. ನಿಮ್ಮದನ್ನು ಮುದುಕಿ ಅನ್ನುತ್ತಾರಲ್ಲ ಎಂದೆ.

"ಇನ್ನೊಂದಿದೆ," ಎಂದೆ. "ನಿಮ್ಮ ವರದೀನ ಅವರಿಗೆ ಫೋನಲ್ಲಿ ಓದಿ ಹೇಳಿದೆ. ಎಬಿಎ ಸಾಲಿನ ಕೆಳಗೇ ಇನ್ನೊಂದು ಸಾಲಿದೆಯಂತೆ, ಅದನ್ನೂ ಓದಿ ಅಂದ್ರು. ಜೀವ ಇರೋ ಬೇರು ಈ ಹಾರ್ಮೋನು ಮಾಡ್ತಾ ಮಾಡ್ತಾನೇ ಹಳೇದನ್ನ ಒಡೆದು ಹಾಕುತ್ತಂತೆ. ಎಬಿಎ ಏರಿದ್ರೆ ಆ ಚೂರುಪಾರೂ ಏರಬೇಕು. ನಿಮ್ಮ ವರದೀಲಿ ಎಬಿಎ ಮೂರು ಮೆಟ್ಟಿಲು ಹತ್ತಿದೆ, ಚೂರು ಮಾತ್ರ ಇದ್ದಲ್ಲೇ ಇದೆ. ಅವರು ಏನಂದ್ರು ಗೊತ್ತಾ? ಮನೆ ತುಂಬ ನೆಂಟರು ಉಂಡು ಹೋದ್ರು ಅಂತೀರಿ, ಸಿಂಕಲ್ಲಿ ಒಂದು ಎಂಜಲು ತಟ್ಟೆ ಇಲ್ಲ."

ಎಲ್ಫ್ರೀಡಾ ಸ್ಟೂಲಿನ ಮೇಲೆ ಕುಳಿತಳು. ನೀಲಿ ಕೈಗವಸನ್ನು ಒಂದೊಂದೇ ಬೆರಳು ಬಿಡಿಸಿ ತೆಗೆದಳು.

"ನಾನೇ ಹಾಕಿದೆ," ಎಂದಳು. "ಫ್ರಿಜ್ಜಲ್ಲಿ ಕೊಂಡು ತಂದ ಎಬಿಎ ಸೀಸೆ ಇರುತ್ತೆ. ಮೂರರ ಟ್ಯೂಬಿಗೆ ಒಂದು ತೊಟ್ಟು, ನಾಲ್ಕರದಕ್ಕೆ ಇನ್ನಷ್ಟು. ಕೆಳಗಿನ ಸಾಲು ನನ್ನ ತಲೆಗೇ ಬರ್ಲಿಲ್ಲ. ಜೀವಮಾನ ಎಲ್ಲ ನಾನು ಹುಡುಗರಿಗೆ ಬೈಯೋದು ಅದಕ್ಕೇ, ಕೆಳಗಿನ ಸಾಲು ಓದಲ್ಲ ಅಂತ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮರುದಿನ ಬೆಳಿಗ್ಗೆ ರೆಮಿ ನ್ಯಾಯಾಧೀಶರ ಮುಂದೆ ನಿಂತು ತಪ್ಪೊಪ್ಪಿಕೊಳ್ಳುವುದಿತ್ತು; ಎರಡನೇ ವರದಿ ಬರಲಿ ಎಂದು ಆ ದಿನವನ್ನು ಯಾರೂ ಇನ್ನೂ ರದ್ದು ಮಾಡಿರಲಿಲ್ಲ. ಅವನ ವಕೀಲ ಡೆಸ್ಮಂಡ್ ಕ್ರೋಲ್ ಅವರು ಸರ್ಕಾರದ ಕಡೆಯವರ ಜೊತೆ ಮಾತಾಡಿ ಒಪ್ಪಂದ ಕುದುರಿಸಿದ್ದರು: ಬೇಕೆಂದೇ ಮಾಡಿದ ಕೊಲೆಯಲ್ಲ ಎಂದು ಸರ್ಕಾರದವರು ಬಿಟ್ಟುಕೊಡುತ್ತಾರೆ, ಮಾಡಿದ್ದು ನಾನೇ ಎಂದು ರೆಮಿ ಒಪ್ಪಿಕೊಳ್ಳುತ್ತಾನೆ, ಎಂಟು ವರ್ಷ. ಒಪ್ಪದಿದ್ದರೆ ಜೀವಾವಧಿ. ರೆಮಿ ಯಾವಾಗಲೋ ಕೈಚೆಲ್ಲಿದ್ದ. ಮೆಟ್ಟಿಲಿನ ವರದಿ ಬಂದ ಮೇಲಷ್ಟೇ ಅವನು ಎರಡು ದಿನ ಸರಿಯಾಗಿ ಊಟ ಮಾಡಿದ್ದು. ಈಗ ಆ ವರದಿ ಸುಳ್ಳು. ನಿಜವಾದ ವರದಿ ಅವನನ್ನೇ ಸುಳ್ಳುಗಾರ ಎನ್ನುತ್ತಿದೆ. ಟ್ಯೂಬುಗಳಲ್ಲಿ ಇನ್ನೊಮ್ಮೆ ಅಳೆಯಲು ಒಂದು ಕಣ ಪುಡಿ ಉಳಿದಿಲ್ಲ.

"ಹಾಗಾದ್ರೆ ಅವನು ನಮಗೆಲ್ಲ ಸುಳ್ಳು ಹೇಳಿದ," ಎಂದೆ. "ಬೇರನ್ನ ಮೊದಲೇ ಕಿತ್ತಿಟ್ಟಿದ್ದ. ನಿಮಗೆ ಗೊತ್ತಾಯ್ತು, ಮುಚ್ಚಿಹಾಕಿದ್ರಿ."

"ಇಲ್ಲ. ರೆಮಿ ಒಂದಕ್ಷರ ಸುಳ್ಳು ಹೇಳಿಲ್ಲ." ಅವಳು ತಲೆಯೆತ್ತಿದಳು. "ಉಪ್ಪು ಹಾಕಬೇಕಾದವಳು ನಾನು. ನಾನು ಹಾಕಲೇ ಇಲ್ಲ."

ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಉಪ್ಪು ಹಾಕಿದ ಕುಂಡಕ್ಕೆ ಕೆಂಪು ಕಡ್ಡಿ ಚುಚ್ಚುವುದು ಇವರಲ್ಲಿ ರೂಢಿ. ಹಾಕಿದ ಮೇಲೆ ಚುಚ್ಚಬೇಕು. ಆದರೆ ಕೆಲಸ ಹಗುರಾಗಲಿ ಎಂದು ಬೆಳಿಗ್ಗೆಯೇ ಎಲ್ಲ ಕುಂಡಕ್ಕೂ ಚುಚ್ಚಿಟ್ಟುಬಿಡುವುದೂ ರೂಢಿಯೇ. ಎಲ್ಫ್ರೀಡಾ ಹಾಗೆಯೇ ಮಾಡಿದ್ದಳು. ಒಂದು ಗಂಟೆಗೆ ಹಸಿರುಮನೆಗೆ ಹೊರಟವಳನ್ನು ಪೆಂಡ್ರಿ ತಡೆದು ನೈಟ್ರೋಜನ್ ಕೋಣೆಗೆ ಕರೆದಿದ್ದ. ಎರಡಕ್ಕೆ ಹೋದ ರೆಮಿ ಕೆಂಪು ಕಡ್ಡಿ ನೋಡಿದ, ಉಪ್ಪು ಬಿದ್ದಿದೆ ಎಂದುಕೊಂಡ, ಬೇರು ಕೀಳಲು ಕುಳಿತ. ಕುಂಡದಲ್ಲಿದ್ದುದು ಸಪ್ಪೆ ನೀರು. ಬೇರಿನಲ್ಲಿ ಏರುವುದಕ್ಕೆ ಏನೂ ಇರಲಿಲ್ಲ.

"ಪೆಂಡ್ರಿ ಯಾಕೆ ಕರೆದಿದ್ದ?"

"ಮುದುಕೀನ ಮಾರ್ತೀನಿ, ನೀವು ಈ ಬೇಸಿಗೆಗೆ ನಿವೃತ್ತಿ ತಗೊಳ್ಳಿ ಅಂದ. ಜಗಳ ಆಯ್ತು. ಆ ಕೋಣೇಲಿ ಗಾಳಿ ಕೆಟ್ರೆ ಕೂಗೋ ಅಲಾರಂ ಇದೆಯಲ್ಲ, ಅದು ಸುಮ್‌ಸುಮ್ನೆ ಕೀಂ ಕೀಂ ಅಂತಿತ್ತು. ವಾರಕ್ಕೆರಡು ಸಲ ಹಾಗೆ ಅನ್ನುತ್ತೆ. ನನ್ನ ಮಾತು ಅವನಿಗೆ ಕೇಳ್ಸಲಿ ಅಂತ ಪ್ಲಗ್ ಕಿತ್ತೆ."

ಮಿಕ್ಕದ್ದನ್ನು ನಾನು ಕೇಳಬೇಕಾಗಿರಲಿಲ್ಲ. ಅಲಾರಂ ಕಿತ್ತದ್ದು ಯಾರು ಎಂದು ಎರಡು ವಾರದಿಂದ ತಲೆ ಕೆಡಿಸಿಕೊಂಡಿದ್ದವಳು ನಾನು.

"ಮತ್ತೆ ಹಾಕಲಿಲ್ಲ," ಎಂದಳು. "ಎರಡಕ್ಕೆ ಮೀಟಿಂಗ್ ಇತ್ತು, ಅಳ್ತಾ ಓಡಿದೆ. ಉಪ್ಪೂ ಮರೆತೆ, ಪ್ಲಗ್ಗೂ ಮರೆತೆ. ಅದು ಕೂಗಿದ್ರೆ ಯಾರಾದ್ರೂ ಓಡಿ ಬರ್ತಿದ್ರು, ಸೋನ್ಯಾ. ಗಾಡಿ ಸರಿಸಿ ಬಾಗಿಲು ತೆಗೀತಿದ್ರು."

ಮೂರು ಗಂಟೆಗೆ ಅವಳು ಮೀಟಿಂಗಿನಲ್ಲಿದ್ದದ್ದು ನಿಜ. ಅಲ್ಲಿದ್ದವರನ್ನೆಲ್ಲ ನಾನೇ ವಿಚಾರಿಸಿದ್ದೆ. ಕೊಳವೆ ತೆರೆದವಳು ಅವಳಲ್ಲ. ಆದರೆ ಪ್ಲಗ್ ಕಿತ್ತ ವಿಷಯ ಹೊರಬರಬಾರದು, ರೆಮಿಯೂ ಜೈಲಿಗೆ ಹೋಗಬಾರದು, ಒಂದು ತೊಟ್ಟು ಎಬಿಎಯಿಂದ ಎರಡೂ ಆಗಿಬಿಡುತ್ತದೆ ಎಂದುಕೊಂಡಿದ್ದಳು. ಇಷ್ಟು ಓದಿದವಳು ಇಷ್ಟು ಪೆದ್ದಿಯಾಗುವುದು ಹೇಗೆಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅವಳನ್ನು ನೋಡಿ ಪಾಪ ಎನ್ನಿಸಿತು, ಬಾರಿಸಬೇಕು ಎಂದೂ ಅನ್ನಿಸಿತು.

"ಬನ್ನಿ, ಈಗ್ಲೇ ಹೇಳಿಕೆ ಕೊಡ್ತೀನಿ," ಎಂದು ಎದ್ದಳು.

ಕೊಟ್ಟರೂ ಏನು ಪ್ರಯೋಜನ ಎಂದು ಅವಳಿಗೆ ಬಿಡಿಸಿ ಹೇಳಬೇಕಾಯಿತು. ಸಾಕ್ಷ್ಯವನ್ನು ತಿದ್ದಿದ ಹೆಂಗಸು, ತಿದ್ದಿದ್ದು ಬಯಲಾದ ದಿನವೇ ಹೊಸ ಕಥೆ ಹೇಳುತ್ತಾಳೆ. ಉಪ್ಪು ಹಾಕಲಿಲ್ಲ ಎನ್ನುತ್ತಾಳೆ. ಹುಡುಗನನ್ನು ಉಳಿಸಲು ಇನ್ನೊಂದು ಸುಳ್ಳು ಎಂದು ಸರ್ಕಾರಿ ವಕೀಲರು ಒಂದೇ ನಿಮಿಷದಲ್ಲಿ ಕೈ ಕೊಡವುತ್ತಾರೆ. ಅವಳ ಮಾತಿಗೆ ಇನ್ನು ಈ ಊರಿನ ಯಾವ ಕೋರ್ಟಿನಲ್ಲೂ ಬೆಲೆಯಿಲ್ಲ.

ಆಗ ನನಗೆ ಕುಂಡಗಳು ನೆನಪಾದವು.

ನಾಲ್ಕರ ನಂತರದ ಹೊತ್ತುಗಳಿಗೆಂದು ಬಿಟ್ಟಿದ್ದ ಸಾಲುಗಳನ್ನು ಯಾರೂ ಕಿತ್ತಿರಲಿಲ್ಲ. ಅವತ್ತು ಸಂಜೆಯೇ ನಾವು ಹಸಿರುಮನೆಗೆ ಸೀಲ್ ಹಾಕಿ, ನೀರಿನ ಪೈಪು ಬಂದ್ ಮಾಡಿದ್ದೆವು. ಎಲ್ಫ್ರೀಡಾ ಹೇಳುವುದು ನಿಜವಾದರೆ ಆ ಮಣ್ಣಿನಲ್ಲಿ ಉಪ್ಪಿರಬಾರದು. ಗಾಳಿಯ ಹಾಗೆ, ಮಾತಿನ ಹಾಗೆ ಉಪ್ಪು ಎಲ್ಲಿಗೂ ಹಾರಿಹೋಗುವುದಿಲ್ಲ. ಮಣ್ಣು ಸಪ್ಪೆಯಾಗಿದ್ದರೆ ರೆಮಿ ತಕ್ಷಣ ಬಿಡುಗಡೆಯಾಗುವುದಿಲ್ಲ, ನಿಜ. ಆದರೆ ಬೇರು ಅವನ ವಿರುದ್ಧ ಹೇಳುತ್ತಿರುವ ಸಾಕ್ಷಿ ಬಿದ್ದುಹೋಗುತ್ತದೆ. ತಪ್ಪೊಪ್ಪಿಕೊಳ್ಳಬೇಡ, ತಡಿ ಎಂದು ಅವನಿಗೆ ಹೇಳಲು ನನಗೊಂದು ಆಧಾರ ಸಿಗುತ್ತದೆ.

ಎಲ್ಫ್ರೀಡಾಗೂ ಹೊಳೆಯಿತು. ಕೋಟು ಹಾಕಿಕೊಳ್ಳುವುದರೊಳಗೆ ಉಪ್ಪಿನ ಮೀಟರನ್ನು ಜೇಬಿಗಿಳಿಸಿದ್ದಳು.

ಹೊರಗೆ ಮೂಗಿನೊಳಗಿನ ಕೂದಲು ಸೆಟೆಯುವಂಥ ಚಳಿ. ಕಾರಿನ ಇಂಜಿನ್ ಬೆಚ್ಚಗಿಡಲು ಗೋಡೆಗೆ ಸಿಕ್ಕಿಸಿದ್ದ ವೈರನ್ನು ಕಿತ್ತು ಬಾನೆಟ್ ಮೇಲೆ ಎಸೆದು ಹೊರಟೆವು. ದಾರಿಯುದ್ದಕ್ಕೂ ಆಕೆ ತುಟಿಯಲ್ಲೇ ಪ್ರಾರ್ಥನೆ ಮಾಡುತ್ತಿದ್ದಳು. ಬಿಡಬೇಡಿ, ಮುಂದುವರಿಸಿ ಎಂದೆ. ತಮಾಷೆಗೆ ಹೇಳಿದ್ದಲ್ಲ.

ಹಸಿರುಮನೆಯ ಬಾಗಿಲಿನ ಸೀಲ್ ಹರಿದಿರಲಿಲ್ಲ. ಒಳಗೆ ಮಸೂರದ ಗಿಡಗಳು ನೀರಿಲ್ಲದೆ ಒಣಹುಲ್ಲಾಗಿ ಕುಂಡದಂಚಿಗೆ ಬಾಗಿದ್ದವು. ಪ್ರತಿಯೊಂದರಲ್ಲೂ ಕೆಂಪು ಕಡ್ಡಿ. ಎಲ್ಫ್ರೀಡಾ ಒಂದು ಕುಂಡದಿಂದ ಚಮಚದಷ್ಟು ಮಣ್ಣು ತೆಗೆದು, ಲೋಟದಲ್ಲಿ ಶುದ್ಧ ನೀರಿಗೆ ಹಾಕಿ ಕಲಕಿ, ಮೀಟರ್ ಇಳಿಬಿಟ್ಟಳು. ಅಂಕಿ ಓಡಿತು, ನಿಂತಿತು.

ಅವಳು ಮೀಟರನ್ನು ಒರೆಸಿ ಬರಿಯ ನೀರಿನಲ್ಲಿ ಅದ್ದಿದಳು. ಅದು ಸೊನ್ನೆ ತೋರಿಸಿತು. ಮತ್ತೆ ಇನ್ನೊಂದು ಕುಂಡ. ಆಮೇಲೆ ಇನ್ನೊಂದು.

"ಎಷ್ಟು?" ಎಂದೆ.

"ಉಪ್ಪಿದೆ," ಎಂದಳು. "ಎಲ್ಲದರಲ್ಲೂ ಇದೆ. ನಾವು ಪ್ರಯೋಗಕ್ಕೆ ಹಾಕೋದಕ್ಕಿಂತ ಎಷ್ಟೋ ಜಾಸ್ತಿ."

ಅಂದರೆ ಮಣ್ಣಿನಲ್ಲಿ ಉಪ್ಪು, ಬೇರಿನಲ್ಲಿ ಇಲ್ಲ. ಯಾರು ನೋಡಿದರೂ ಒಂದೇ ಅರ್ಥ ಹೇಳುತ್ತಾರೆ: ಉಪ್ಪು ಬೀಳುವ ಮೊದಲೇ ಬೇರು ಕಿತ್ತವನು ರೆಮಿ. ಹಗ್ಗ ಬಿಚ್ಚಲೆಂದು ಬಂದವರು ಇನ್ನೊಂದು ಗಂಟು ಹಾಕಿದ್ದೆವು. ಇವಳು ಮೂರನೇ ಸಲ ಸುಳ್ಳು ಹೇಳಿದಳೇ ಎಂದು ಅವಳ ಕಡೆ ತಿರುಗಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ, ಕುಂಡವನ್ನು ನೋಡುತ್ತಿದ್ದಳು. ನಾನೂ ಬಗ್ಗಿ ನೋಡಿದೆ. ಮಣ್ಣಿನ ಮೇಲೆ ತೆಳ್ಳಗೆ ಬಿಳಿ ಪೊರೆ ಕಟ್ಟಿತ್ತು. ಕೈಗವಸು ತೆಗೆದು ಬೆರಳು ಒಳಗಿಳಿಸಿದೆ.

ಮಣ್ಣು ಒದ್ದೆಯಾಗಿತ್ತು.

ಎರಡು ವಾರದಿಂದ ಹನಿ ನೀರು ಕಾಣದ ಗಿಡ, ಮುಟ್ಟಿದರೆ ಪುಡಿಯಾಗುತ್ತಿದೆ. ಅದರ ಬುಡ ಒದ್ದೆ. ಬಾಗಿಲ ಪಕ್ಕದ ಬೇರೆ ಬೆಂಚಿನ ಕುಂಡಗಳಿಗೂ ಬೆರಳು ಹಾಕಿದೆ, ಅಲ್ಲಿ ಮಣ್ಣು ಇಟ್ಟಿಗೆಯಂತಿತ್ತು. ಕೆಂಪು ಕಡ್ಡಿ ಇದ್ದ ಕುಂಡಗಳಿಗಷ್ಟೇ ಯಾರೋ ಈಚೆಗೆ ಉಪ್ಪುನೀರು ಸುರಿದಿದ್ದರು.

"ನೀವು ಉಪ್ಪು ಹಾಕಿಲ್ಲ ಅನ್ನೋದು ಇನ್ಯಾರಿಗೆ ಗೊತ್ತು?" ಎಂದು ಕೇಳಿದೆ.

"ಯಾರಿಗೂ ಇಲ್ಲ. ವಕೀಲರಿಗೆ ಹೇಳಿದ್ದೆ."

"ಯಾವ ವಕೀಲರು?"

"ಕ್ರೋಲ್. ನೀವು ಇನ್ನೊಂದು ಪಾಲು ಪೂರ್ವಕ್ಕೆ ಕಳಿಸಿದ್ದೀರಿ ಅಂತ ಮೊನ್ನೆ ಹೇಳಿದ್ರಲ್ಲ, ಹೆದರಿಕೆ ಆಯ್ತು. ರೆಮಿಯ ವಕೀಲರಲ್ವಾ ಅಂತ ಹೋಗಿ ಎಲ್ಲ ಹೇಳ್ದೆ. ಅವರು ಪಾಪ ಕೈ ಹಿಡ್ಕೊಂಡು ಸಮಾಧಾನ ಮಾಡಿದ್ರು. ಪೊಲೀಸರಿಗೆ ಈಗ್ಲೇ ಹೇಳ್ಬೇಡಿ, ಕುಂಡದ ಮಣ್ಣು ಅಳೆಸಿದ್ರೆ ಹುಡುಗ ಉಳೀತಾನೆ, ನಾನು ನೋಡ್ಕೋತೀನಿ ಅಂದ್ರು."

ನಾನು ಬಾಗಿಲಿನ ಸೀಲ್ ಕಡೆ ತಿರುಗಿ ನೋಡಿದೆ.

ನಿನ್ನೆ ಬೆಳಿಗ್ಗೆ ಕೋರ್ಟಿನ ಅನುಮತಿ ಹಿಡಿದು ಕ್ರೋಲ್ ಹಸಿರುಮನೆ ನೋಡಲು ಬಂದಿದ್ದ. ಸೀಲ್ ಒಡೆದು ಬಾಗಿಲು ತೆಗೆದವಳು ನಾನು. ಕಕ್ಷಿದಾರನ ಪರವಾಗಿ ನೋಡುವುದನ್ನು ಪೊಲೀಸರು ಇಣುಕಬಾರದು, ಐದು ನಿಮಿಷ ಹೊರಗಿರಿ ಎಂದ. ಕಾನೂನಿನ ಮಾತು, ಹೊರಗೆ ನಿಂತೆ. ಅವನ ಕೈಯಲ್ಲಿ ಗಣಿ ಕೆಲಸದವರು ಒಯ್ಯುವಂಥ ದೊಡ್ಡ ಥರ್ಮಾಸ್ ಇತ್ತು. ಎಷ್ಟು ಜನಕ್ಕೆ ಕಾಫಿ ಎಂದು ನಾನೇ ಗೇಲಿ ಮಾಡಿದ್ದೆ, ಅವನೂ ನಕ್ಕಿದ್ದ. ಅವನು ಹೊರಬಂದ ಮೇಲೆ ಹೊಸ ಸೀಲ್ ಹಚ್ಚಿ, ಒಳಗೆ ಏನನ್ನೂ ಮುಟ್ಟಿಲ್ಲ ಎಂದು ಬರೆದು ಸಹಿ ಹಾಕಿದ್ದೆ. ನಾಳೆ ಕೋರ್ಟಿನಲ್ಲಿ ಯಾರಾದರೂ ಕೇಳಿದರೆ ಆ ಸಹಿ ನನ್ನದೇ ಎಂದು ನಾನು ಪ್ರಮಾಣ ಮಾಡಿ ಹೇಳಬೇಕು.

ತಾನೇ ಉಳಿಸಬೇಕಾದವನ ವಿರುದ್ಧ ಇವನೇ ಸಾಕ್ಷಿ ಹುಟ್ಟಿಸಿದ್ದಾನೆ. ಯಾಕೆ? ರೆಮಿ ಜೈಲಿಗೆ ಹೋದರೆ ಇವನಿಗೇನು ಸಿಗುತ್ತದೆ, ಅಥವಾ ಯಾರು ಉಳಿಯುತ್ತಾರೆ? ನನಗೆ ತೋಚಲಿಲ್ಲ.

ಎಲ್ಫ್ರೀಡಾ ಇನ್ನೂ ಒಂದೊಂದೇ ಕುಂಡಕ್ಕೆ ಮೀಟರ್ ಅದ್ದುತ್ತಿದ್ದಳು, ಒಂದಾದರೂ ಸಪ್ಪೆ ಸಿಗಬಹುದು ಎಂಬಂತೆ. ಅವನು ಒಂದನ್ನೂ ಬಿಟ್ಟಿರಲಿಲ್ಲ.

ನನ್ನ ಜೇಬಿನಲ್ಲಿ ಫೋನು ಅದುರಿತು. ಜೋಸಿ. ಅವಳು ಕೋರ್ಟಿನ ಕಟ್ಟಡದಲ್ಲಿದ್ದಳು, ಕೂಸು ಅಳುವುದು ಕೇಳಿಸುತ್ತಿತ್ತು. ನ್ಯಾಯಾಧೀಶರಿಗೆ ಬಿಡುವಿದೆಯಂತೆ, ನಾಳೆಯದನ್ನು ಇವತ್ತೇ ತೆಗೆದುಕೊಳ್ಳುತ್ತಾರಂತೆ, ಇನ್ನು ಹತ್ತು ನಿಮಿಷದಲ್ಲಿ ರೆಮಿಯನ್ನು ಕರೆಯುತ್ತಾರಂತೆ. ಉಸಿರು ಬಿಡದೆ ಹೇಳಿದಳು.

"ನಿಮ್ಮ ಮಾತು ಕೇಳದೆ ಒಪ್ಕೊಳ್ಳಲ್ಲ ಅಂತಿದ್ದಾನೆ ರೆಮಿ. ಬೇರಿನ ಎರಡನೇ ವರದಿ ಬಂತಾ, ಏನಾಯ್ತು, ಹೇಳಿ. ನೀವು ಬೇಡ ಅಂದ್ರೆ ಒಪ್ಕೊಳ್ಳಲ್ಲ, ಹೂಂ ಅಂದ್ರೆ ಒಪ್ಕೋತಾನೆ. ಕ್ರೋಲ್ ಸರ್ ಇಲ್ಲೇ ಪಕ್ಕದಲ್ಲಿದ್ದಾರೆ, ಅವರಿಗೂ ಕೇಳ್ಸಲಿ ಅಂತ ಸ್ಪೀಕರ್ ಹಾಕಿದ್ದೀನಿ."